'ಕುದರಿ ಸಾಕಾಕ ಎಷ್ಟ ಬೀಳತೈತ್ರಿ?'

ಹುಬ್ಬಳ್ಳಿಯಲ್ಲಿ ಮದುವೆ ಮೆರವಣಿಗೆಗೆ ನಮ್ಮ ಕುದುರೆ ಹೋದಲ್ಲೆಲ್ಲ ಯಾರಾದರೂ ಒಬ್ಬರು ಹತ್ತಿರ ಬಂದು ಇದನ್ನೇ ಕೇಳುತ್ತಾರೆ. 'ಅಣ್ಣಾರ, ಒಂದು ಕುದರಿ ಸಾಕಾಕ ತಿಂಗಳಿಗೆ ಎಷ್ಟ ಬೀಳತೈತ್ರಿ? ಅದಕ್ಕ ಏನರ ಆದ್ರ ಹೆಂಗ ತಡಕೋತೀರಿ?' ಬ್ಯಾಂಡಿನ ಗದ್ದಲದಲ್ಲಿ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕುದುರೆ ಕೊಳ್ಳುವ ದುಡ್ಡು ಒಂದೇ ಸಲ ಹೋಗುತ್ತದೆ. ಮೇವಿನ ಖರ್ಚು ದಿನಾ ಗೊತ್ತಿದ್ದದ್ದೇ. ಇವೆರಡರಿಂದ ಕೈ ಸೋತವರನ್ನು ನಾನು ಕಂಡಿಲ್ಲ. ಕೈ ಸೋಲಿಸುವುದು ಕುದುರೆ ಕುಂಟಿ ನಿಂತ ತಿಂಗಳು. ಆಗ ದುಡಿಮೆ ಇಲ್ಲ, ಆದರೆ ಮೇವು ಅಷ್ಟೇ ಬೇಕು, ಅದರ ಮೇಲೆ ಔಷಧದ ಖರ್ಚು. ಆ ತಿಂಗಳಿಗೆ ನೀವು ಮೊದಲೇ ತಯಾರಾಗಿದ್ದೀರಾ ಅನ್ನುವುದೇ ನಿಜವಾದ ಪ್ರಶ್ನೆ.

ಆದರೂ ಲೆಕ್ಕ ಬೇಕು ಅಲ್ವಾ? ರೂಪಾಯಿಯಲ್ಲಿ ಹೇಳಿದರೆ ನಿಮ್ಮೂರಿನ ದರಕ್ಕೆ ಹೊಂದುವುದಿಲ್ಲ. ಕಿಲೋದಲ್ಲಿ ಹೇಳುತ್ತೇನೆ, ನೀವೇ ಗುಣಿಸಿಕೊಳ್ಳಿ. ಕುದುರೆಯ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ ಒಣಮೇವು ದಿನಕ್ಕೆ ಬೇಕು. 350 ಕಿಲೋ ತೂಗುವ ಕುದುರೆಗೆ 5ರಿಂದ 7 ಕಿಲೋ. ನೀರು 20ರಿಂದ 30 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ದುಡಿಮೆ ಇದ್ದ ದಿನ ನೆನೆಸಿದ ಹುರುಳಿ, ಗೋಧಿ ಭೂಸಾ. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ವರ್ಷಕ್ಕೊಮ್ಮೆ ಧನುರ್ವಾಯು ಲಸಿಕೆ, ಡಾಕ್ಟರ್ ಹೇಳಿದಾಗ ಜಂತಿನ ಔಷಧ.

ಮೇವಿನಲ್ಲಿ ದುಡ್ಡು ಉಳಿಸಲು ಒಂದೇ ದಾರಿ: ಹಿಂಗಾರಿ ಜೋಳದ ಸುಗ್ಗಿ ಮುಗಿಯುತ್ತಿದ್ದಂತೆ ಕಣಿಕೆ ಕೊಂಡು ಬಣವೆ ಒಟ್ಟುವುದು. ಮಳೆ ಹತ್ತಿರ ಬಂದ ಮೇಲೆ ಹುಡುಕಿದರೆ ಕೇಳಿದಷ್ಟು ಕೊಡಬೇಕಾಗುತ್ತದೆ. ಆದರೆ ಅಗ್ಗದ ಆಸೆಗೆ ಒಂದು ಕೆಲಸ ಮಾತ್ರ ಮಾಡಬೇಡಿ. ಹಾವೇರಿ ಕಡೆ ಗೋವಿನಜೋಳ ರಾಶಿರಾಶಿ ಬೆಳೆಯುತ್ತಾರೆ. ಮಳೆಗೆ ನೆನೆದು ಬೂಷ್ಟು ಹಿಡಿದ ಕಾಳು ಪುಕ್ಕಟೆ ಎನ್ನುವಂತೆ ಸಿಗುತ್ತದೆ. ಅದರಲ್ಲಿ ಫ್ಯುಮೊನಿಸಿನ್ ಎಂಬ ವಿಷ ಇರಬಹುದು. ದನಗಳು ಅದನ್ನು ಎಷ್ಟೋ ಮಟ್ಟಿಗೆ ತಡೆದುಕೊಳ್ಳುತ್ತವೆ. ಕುದುರೆಗೆ ಅದು ಮೆದುಳನ್ನೇ ಕೊಳೆಸುತ್ತದೆ, ಮದ್ದಿಲ್ಲ. ಬೂಷ್ಟಿನ ವಾಸನೆ ಬಂದರೆ ಮೇವನ್ನು ಹಾಗೇ ತಿಪ್ಪೆಗೆ ಹಾಕಿ.

ಇನ್ನು ಹೊಟ್ಟೆಶೂಲೆ. ಕುದುರೆ ಸಾಕಿದವರಿಗೆಲ್ಲ ಇದರದೇ ಭಯ. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ. ಪದೇ ಪದೇ ಕತ್ತು ತಿರುಗಿಸಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ. ಮಲಗುತ್ತದೆ, ಏಳುತ್ತದೆ, ಹೊರಳುತ್ತದೆ. ಲದ್ದಿ ನಿಂತಿರುತ್ತದೆ. ಆಗ ಮೇವು ತೆಗೆದುಬಿಡಿ. ಎರಡೂ ಪಕ್ಕೆಗೆ ಕಿವಿ ಹಚ್ಚಿ ಕೇಳಿ. ಆರಾಮಿರುವ ಕುದುರೆಯ ಹೊಟ್ಟೆಯಲ್ಲಿ ಗುಡುಗುಡು ಸದ್ದು ಇದ್ದೇ ಇರುತ್ತದೆ. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿ. ನಿಮಿಷಕ್ಕೆ 28ರಿಂದ 44 ಇದ್ದರೆ ಸರಿ. 60 ದಾಟಿ ಇಳಿಯದಿದ್ದರೆ ಒಂದು ಗಳಿಗೆಯೂ ಕಾಯಬಾರದು. ಡಾಕ್ಟರಿಗೆ ಫೋನ್ ಮಾಡಿದಾಗ ಈ ಲೆಕ್ಕವನ್ನೇ ಹೇಳಿ. 'ಕುದರಿ ಒದ್ದಾಡಾಕತ್ತೈತ್ರಿ' ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಎತ್ತಿಗೆ ಹಾಕಿದ ಹಾಗೆ ಗೊಟ್ಟ ಹಿಡಿದು ಎಣ್ಣೆ ಕುಡಿಸಲು ಹಳ್ಳಿಯಲ್ಲಿ ಯಾರಾದರೂ ಮುಂದೆ ಬಂದೇ ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ, ಆದರೆ ಬೇಡ ಅನ್ನಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕುದುರೆ ಉಳಿಯುವುದು ಕಷ್ಟ. ಅಲ್ಲದೆ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಡಾಕ್ಟರ್ ಬಂದು ಮೂಗಿನಿಂದ ನಾಳ ಇಳಿಸಿಯೇ ಒಳಗಿನ ಒತ್ತಡ ತೆಗೆಯಬೇಕು.

ನಮ್ಮ ಕಡೆಯ ದನದ ಡಾಕ್ಟರುಗಳು ದಿನಾ ನೋಡುವುದು ಆಕಳು, ಎಮ್ಮೆ. ಕುದುರೆ ನೋಡಿ ಕೈ ಪಳಗಿದವರು ಯಾರು ಅಂತ ಕುದುರೆ ಆರಾಮಿದ್ದಾಗಲೇ ಕೇಳಿಟ್ಟುಕೊಳ್ಳಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಪಶು ಸಂಚಾರಿ ಚಿಕಿತ್ಸಾ ವಾಹನದ ಸೇವೆ ಸಿಗುತ್ತದೆ. ಕುದುರೆ ಸಾಗಿಸಲು ಗಾಡಿ ಕೊಡುವವರ ನಂಬರೂ ಇರಲಿ.

ಎರೆಮಣ್ಣಿನ ನೆಲದಲ್ಲಿ ಮಳೆಗಾಲ ಗೊರಸಿಗೆ ಕೇಡು. ಗೊರಸಿನ ಅಡಿಯಲ್ಲಿ ಎರೆಮಣ್ಣು ಮೆತ್ತಿ ಗಟ್ಟಿಯಾಗುತ್ತದೆ, ನಡುವಿನ ಮೆತ್ತನೆಯ ಭಾಗ ಒಳಗೇ ಕೊಳೆಯುತ್ತದೆ. ದಿನಾ ಕಾಲೆತ್ತಿ ಕೊಕ್ಕೆಯಿಂದ ಹಿಮ್ಮಡಿಯಿಂದ ಮುಂದಕ್ಕೆ ಕೆರೆದು ತೆಗೆಯಬೇಕು. ಕಪ್ಪು ರಸ, ಕೊಳೆತ ನಾತ ಕಂಡರೆ ಅಂದೇ ತೊಳೆದು ಒಣಗಿಸಬೇಕು. ನಿಲ್ಲುವ ಜಾಗಕ್ಕೆ ಮಳೆಗಿಂತ ಮುಂಚೆ ಗರಸು ಹಾಕಿಸಿ. ಇದಕ್ಕೆ ಹಾಕಿದ ದುಡ್ಡನ್ನು ನಾನು ಖರ್ಚು ಅಂತ ಬರೆಯುವುದೇ ಇಲ್ಲ.

ಆಷಾಢ ಬಂತೆಂದರೆ ಮದುವೆ ನಿಲ್ಲುತ್ತವೆ. ನಮ್ಮ ಕಡೆ ಬಹಳ ಮನೆಗಳವರು ತುಳಸಿ ಲಗ್ನದ ತನಕ ಕಾಯುತ್ತಾರೆ. ಅಷ್ಟು ದಿನದ ಮೇವು ಬೇಸಿಗೆಯ ದುಡಿಮೆಯಿಂದಲೇ ಬರಬೇಕು. ಅದಕ್ಕೆ ಪ್ರತಿ ಮೆರವಣಿಗೆಯ ದುಡ್ಡಿನಲ್ಲೂ ಒಂದು ಪಾಲು ಕುದುರೆಯ ಹೆಸರಿಗೆ ಬೇರೆ ಖಾತೆಗೆ ಹೋಗುತ್ತದೆ. ಮನೆಯಲ್ಲಿ ಎಷ್ಟೇ ಅಡಚಣೆ ಬಂದರೂ ಅದನ್ನು ಮುಟ್ಟುವುದಿಲ್ಲ. ಇದು ನಾನು, ನನ್ನ ಹೆಂಡತಿ ಕೂಡಿ ಮಾಡಿಕೊಂಡ ಕಟ್ಟಳೆ. ವಿಮೆ ಇದ್ದರೆ ಒಳ್ಳೆಯದೇ. ಆದರೆ ಅದು ಮುಖ್ಯವಾಗಿ ಸಾವಿಗೆ. ಕುಂಟಿ ನಿಂತ ತಿಂಗಳ ಮೇವನ್ನು ಅದು ತುಂಬಿಕೊಡುವುದಿಲ್ಲ.

'ಕಾಲು ಹೋದ ಕುದರಿ ಇಟ್ಕೊಂಡು ಏನ್ ಮಾಡ್ತೀರಿ, ಮಾರಿಬಿಡ್ರಿ' ಅನ್ನುವವರೂ ಇದ್ದಾರೆ. ಕುಂಟುವ ಕುದುರೆಯನ್ನು ಯಾರು, ಯಾವ ಕೆಲಸಕ್ಕೆ ಕೊಳ್ಳುತ್ತಾರೆ, ಹೇಳಿ? ಅರ್ಧ ಬೆಲೆಗೆ ಒಯ್ದು ಅರ್ಧ ಹೊಟ್ಟೆಯಲ್ಲಿ ದುಡಿಸುತ್ತಾರೆ, ಇಲ್ಲವೇ ಬೀದಿಗೆ ಬಿಡುತ್ತಾರೆ. ಅದು ನನಗೆ ಒಪ್ಪುವುದಿಲ್ಲ. ನಮ್ಮ ಹೆಣ್ಣು ಕುದುರೆಯ ಹಿಂಗಾಲಿನ ನರ ಎಳೆದುಕೊಂಡಾಗ ಒಂದಿಡೀ ಸೀಸನ್ ಬಂದ ಮದುವೆಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟೆವು. ಆ ಖಾತೆಯ ದುಡ್ಡು ತಳ ಕಂಡಿತು. ಆದರೆ ಸಾಲ ಆಗಲಿಲ್ಲ, ಕುದುರೆ ಈಗ ನೆಟ್ಟಗೆ ನಡೆಯುತ್ತದೆ. ವಾಸಿಯಾಗದ ನೋವು ಬಂದರೆ ಮಾತು ಬೇರೆ. ಅಂಥ ದಿನ ಡಾಕ್ಟರ್ 'ಇದನ್ನು ಇನ್ನು ನರಳಿಸಬಾರದು' ಅಂದರೆ ಅವರ ಮಾತು ಕೇಳುವುದು ಅಂತ ಮನೆಯವರೆಲ್ಲ ಕೂತು ಮೊದಲೇ ಒಪ್ಪಿಕೊಂಡಿದ್ದೇವೆ. ಕಣ್ಣೆದುರು ಕುದುರೆ ಒದ್ದಾಡುವಾಗ ಅಂಥ ತೀರ್ಮಾನ ಯಾರಿಗೂ ಮಾಡಲು ಆಗುವುದಿಲ್ಲ.

ಇಷ್ಟು ಓದಿಯೂ ಕೊಳ್ಳಬೇಕು ಅನ್ನಿಸಿದರೆ ಬಣ್ಣ, ಸುಳಿ ನೋಡುವ ಮೊದಲು ನಾಲ್ಕೂ ಗೊರಸು ಎತ್ತಿ ನೋಡಿ. ಗಟ್ಟಿ ನೆಲದ ಮೇಲೆ ಸಡಿಲ ಹಗ್ಗದಲ್ಲಿ ನೇರವಾಗಿ ಓಡಿಸಿ. ಮುಂಗಾಲು ನೋವಿದ್ದರೆ, ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲಕ್ಕೆ ಹೋಗುತ್ತದೆ. ವಯಸ್ಸಿಗೆ ಹಲ್ಲು ನೋಡಿಸಿ. ಡಾಕ್ಟರಿಗೆ ಕೊಡುವ ಫೀಸಿಗೆ ಕೈ ಬಿಗಿ ಹಿಡಿಯಬೇಡಿ.