ಹಡಗು ನಿಲ್ಲಿಸಿದ ಕ್ಯಾಪ್ಟನ್

ನೌಕಾಪಡೆಯ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತರಾದ ನಮ್ಮ ಚಿಕ್ಕಪ್ಪ ಯಾರನ್ನೂ ಸುಲಭವಾಗಿ ಹೊಗಳುವವರಲ್ಲ. ಜಪಾನಿನ ಇಕಾಜುಚಿ ಎಂಬ ಡೆಸ್ಟ್ರಾಯರ್ ನೌಕೆಯ ಕ್ಯಾಪ್ಟನ್ ಶುನ್‌ಸಾಕು ಕುಡೊ, 1942ರ ಮಾರ್ಚಿನಲ್ಲಿ ಜಾವಾ ಸಮುದ್ರದಲ್ಲಿ ತೇಲುತ್ತಿದ್ದ 442 ಶತ್ರು ನಾವಿಕರನ್ನು ಮೇಲೆತ್ತಿಸಿಕೊಂಡದ್ದನ್ನು ಕಳೆದ ಭಾನುವಾರ ಅವರಿಗೆ ಭಾವುಕನಾಗಿ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಹಡಗು ನಿಲ್ಲಿಸಿದ್ದನೇನೋ?”

“ನಿಲ್ಲಿಸಿದ್ದರು, ಚಿಕ್ಕಪ್ಪ.”

“ಸಬ್‌ಮರೀನ್ ಇರುವ ನೀರಿನಲ್ಲಿ?”

ವಾರವಿಡೀ ಆ ಪ್ರಶ್ನೆಯೇ ತಲೆಯಲ್ಲಿ ಸುತ್ತುತ್ತಿದೆ. ಡೆಸ್ಟ್ರಾಯರಿನ ಕವಚ ತೆಳು, ಅದಕ್ಕೆ ವೇಗವೇ ರಕ್ಷೆ. ನಿಂತರೆ ಅದು ಟಾರ್ಪೆಡೊಗೆ ಸಿಗುವ ಗುರಿಯಷ್ಟೇ. ಕುಡೊ ಪಣಕ್ಕಿಟ್ಟದ್ದು ತಮ್ಮೊಬ್ಬರ ಜೀವವನ್ನಲ್ಲ. ಸಮುದ್ರವನ್ನು ಕಾಣಲೂ ಆಗದೆ ಕೆಳಗೆ ಯಂತ್ರಗಳ ಬಳಿ ನಿಂತಿದ್ದವರ ಜೀವವನ್ನೂ. ಚಿಕ್ಕಪ್ಪನಿಗೆ ಮೊದಲು ನೆನಪಾದದ್ದು ಅವರೇ ಇರಬೇಕು.

ಮಾರ್ಚ್ 1ರಂದು ಮುಳುಗಿದ ಬ್ರಿಟಿಷ್ ನೌಕೆ ಎನ್‌ಕೌಂಟರ್ ಮೊದಲಾದ ಹಡಗುಗಳಿಂದ ನೀರಿಗೆ ಬಿದ್ದವರು, ಮೈಯೆಲ್ಲ ಎಣ್ಣೆಯಾಗಿ, ಮರುದಿನದವರೆಗೂ ತೇಲುತ್ತಿದ್ದರು. ತನ್ನ ಸಿಬ್ಬಂದಿಯ ಸುಮಾರು ಎರಡರಷ್ಟಿದ್ದ ಇವರನ್ನೆಲ್ಲ ಇಕಾಜುಚಿ ಹತ್ತಿಸಿಕೊಂಡಿತು; ಅದರ ನಾವಿಕರು ಎಣ್ಣೆ ಒರೆಸಿ, ನೀರು, ಬಟ್ಟೆ ಕೊಟ್ಟರು. ನೀವು ನಮ್ಮ ಅತಿಥಿಗಳು ಎಂದು ಕುಡೊ ಇಂಗ್ಲಿಷಿನಲ್ಲೇ ಹೇಳಿದರಂತೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಬರೆದ ಎನ್‌ಕೌಂಟರ್‌ನ ಅಧಿಕಾರಿ ಸ್ಯಾಮ್ ಫಾಲ್ ಮಾತ್ರ ಯುದ್ಧ ಮುಗಿಯುವವರೆಗೂ ಜಪಾನಿನ ಸೆರೆಯಲ್ಲಿ ಕೊಳೆಯಬೇಕಾಯಿತು. ಈ ಕಥೆಯನ್ನು ಸಿಹಿಯಾಗಿ ಹೇಳುವವರು ಇಷ್ಟನ್ನು ಸಲೀಸಾಗಿ ನುಂಗಿಬಿಡುತ್ತಾರೆ. ಒಬ್ಬ ಕ್ಯಾಪ್ಟನ್‌ನ ಒಳ್ಳೆಯತನದಿಂದ ಒಂದು ಸಾಮ್ರಾಜ್ಯದ ಸೆರೆಶಿಬಿರಗಳ ಕ್ರೌರ್ಯ ತೊಳೆದುಹೋಗುವುದಿಲ್ಲ.

ಕುಡೊ ಅದೇ ವರ್ಷ ಬೇರೊಂದು ನೌಕೆಗೆ ಹೋದರು. 1944ರ ಏಪ್ರಿಲಿನಲ್ಲಿ ಅಮೆರಿಕದ ಹಾರ್ಡರ್ ಸಬ್‌ಮರೀನ್ ಇಕಾಜುಚಿಯನ್ನು ಮುಳುಗಿಸಿದಾಗ ಅದರಲ್ಲಿದ್ದ ಒಬ್ಬನೂ ಉಳಿಯಲಿಲ್ಲ. ಕುಡೊ 1979ರಲ್ಲಿ ತೀರಿಕೊಂಡರು. ಅವರನ್ನು ಹುಡುಕಿಕೊಂಡು ಫಾಲ್ 2003ರಲ್ಲಿ ಜಪಾನಿಗೆ ಬಂದ ಮೇಲೆಯೇ ಮನೆಯವರಿಗೆ ಈ ಸಂಗತಿ ತಿಳಿದದ್ದು.

ಆ ಮೌನವನ್ನು ಎಲ್ಲರೂ ವಿನಯವೆಂದು ಕೊಂಡಾಡುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಬದುಕಿಸಿದ 442 ಜನರ ಮಾತೆತ್ತಿದ್ದರೆ, ಅವರನ್ನು ಕೈಹಿಡಿದು ಮೇಲೆತ್ತಿದ ಹುಡುಗರಲ್ಲಿ ಎಷ್ಟು ಮಂದಿ ಅದೇ ಹಡಗಿನೊಂದಿಗೆ ಮುಳುಗಿದರೆಂಬುದನ್ನೂ ಅವರು ಹೇಳಬೇಕಾಗುತ್ತಿತ್ತು.