ಎಂಟು ಸೆಕೆಂಡ್ ಸವಾರಿ, ನೆಟ್ಟಗಾಗದ ಮೊಣಕೈ

ನಾನು ಹಾವೇರಿ ಕಡೆಯವನು, ದೀಪಾವಳಿ ಬಂತಂದ್ರೆ ಹೋರಿ ಹಬ್ಬ, ಕೊಬ್ಬರಿ ಹಾರ ಹಾಕ್ಕೊಂಡು ನುಗ್ಗೋ ಹೋರಿ ಮುಂದೆ ಹುಡುಗ್ರು ಬಿದ್ದು ಎದ್ದು ಓಡೋದನ್ನ ನೋಡ್ಕೊಂಡೇ ಬೆಳೆದದ್ದು. ಹಾಗಾಗಿ ಅಮೆರಿಕದ ವಯೋಮಿಂಗ್‌ನಲ್ಲಿ ಫಿಸಿಯೋ ಕೆಲಸಕ್ಕೆ ಸೇರಿದ ಮೇಲೆ ಕಾಲೇಜ್ ರೋಡಿಯೋ ಟೀಮ್‌ಗೆ, ಅಂದ್ರೆ ಎಗರೋ ಕುದುರೆ, ಹೋರಿ ಸವಾರಿ ಥರದ ಕೌಬಾಯ್ ಆಟ ಆಡೋರಿಗೆ, ಸ್ಕ್ರೀನಿಂಗ್ (ಪೆಟ್ಟಾಗೋ ಮುಂಚೆನೇ ಮೈ ಪರೀಕ್ಷೆ) ಮಾಡ್ಕೊಡಿ ಅಂತ ಕೇಳಿದಾಗ ಒಂಥರಾ ಊರಿಗೆ ಹೋದಂಗಾಯ್ತು, ಏನಂದ್ರೆ ಇಲ್ಲಿ ಹೋರಿ ಮೇಲೇ ಹತ್ತಿ ಕೂತ್ಕೋತಾರೆ.

ಮೊದಲ ಸಲ ಪುಸ್ತಕದಲ್ಲಿ ಇದ್ದಂಗೆ ಎಫ್‌ಎಂಎಸ್, ಅಂದ್ರೆ ಫಂಕ್ಷನಲ್ ಮೂವ್‌ಮೆಂಟ್ ಸ್ಕ್ರೀನ್ ಅನ್ನೋ ಪರೀಕ್ಷೆ ಮಾಡ್ದೆ. ಏಳು ಚಲನೆ, ಸ್ಕ್ವಾಟ್, ಲಂಜ್, ಪುಶಪ್ ಇತ್ಯಾದಿ, ಒಂದೊಂದಕ್ಕೆ 0ಯಿಂದ 3, ಒಟ್ಟು 21. 2007ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರರ ಮೇಲೆ ಮಾಡಿದ ಸ್ಟಡಿಯಲ್ಲಿ 14 ಅಥವಾ ಅದಕ್ಕಿಂತ ಕಮ್ಮಿ ಬಂದವ್ರಿಗೆ ಪೆಟ್ಟಾಗೋ ಸಾಧ್ಯತೆ ಜಾಸ್ತಿ ಅಂತ ಬಂತು, ಆಮೇಲೆ ಎಲ್ಲರೂ ಆ 14ನ್ನೇ ಹಿಡ್ಕೊಂಡು ಕೂತ್ರು, ಬೇರೆ ಬೇರೆ ಆಟಗಳಲ್ಲಿ ನೋಡಿದಾಗ ಅದು ಅಷ್ಟಾಗಿ ನಿಲ್ಲಲಿಲ್ಲ. ನಾನೂ ಈಗ ಟೋಟಲ್ ನೋಡೋದು ಬಿಟ್ಟಿದೀನಿ. ಏಳ್ನೂರು ಕೆಜಿ ಬುಲ್ ಎದೆ ಮೇಲೆ ಕಾಲಿಟ್ರೆ ನಿನ್ನ ಸ್ಕ್ವಾಟ್ ಎಷ್ಟು ಚೆನ್ನಾಗಿದ್ರೇನು! 1989ರಲ್ಲಿ ಇಲ್ಲೇ ವಯೋಮಿಂಗ್‌ನ ಶಾಯೆನ್‌ನಲ್ಲಿ ಬುಲ್ ರೈಡರ್ ಲೇನ್ ಫ್ರಾಸ್ಟ್ ಹೋರಿ ಗುದ್ದಿ ತೀರ್ಕೊಂಡ ಮೇಲೆ ಎದೆ ಕಾಯೋ ವೆಸ್ಟ್ ಬಂತಲ್ಲ, ಆ ಥರದ ಪೆಟ್ಟಿಗೆ ಅದೇ ಗತಿ.

ನಾನು ನೋಡೋದು ಎಡ ಬಲದ ವ್ಯತ್ಯಾಸ. ಬೇರ್‌ಬ್ಯಾಕ್ ಸವಾರನಿಗೆ ಜೀನೂ ಇಲ್ಲ ಲಗಾಮೂ ಇಲ್ಲ, ಕುದುರೆಗೆ ಬಿಗಿದ ಒಂದು ಚರ್ಮದ ಹಿಡಿ ಅಷ್ಟೇ, ಅದನ್ನ ಒಂದೇ ಕೈಲಿ ಹಿಡೀಬೇಕು, ಇನ್ನೊಂದು ಕೈ ಕುದುರೆಗೆ ತಾಗಿದ್ರೆ ಸವಾರಿ ಲೆಕ್ಕಕ್ಕಿಲ್ಲ. ಎಂಟು ಸೆಕೆಂಡ್ ಬೀಳದೆ ಕೂರಬೇಕು, ಕುದುರೆ ಎಗರಿದಾಗೆಲ್ಲ ಆ ಒಂದು ಮೊಣಕೈ ಜಗ್ಗುತ್ತೆ. ಒಬ್ಬ ಹುಡುಗನಿಗೆ ಎರಡೂ ಕೈ ಮುಂದೆ ಚಾಚು ಅಂದೆ, ಎಡಗೈ ನೆಟ್ಟಗೆ ಹೋಯ್ತು, ಬಲಗೈ ಅರ್ಧಕ್ಕೇ ನಿಂತಂಗೆ ಬಾಗೇ ಇತ್ತು. ನೋವಾ ಅಂದ್ರೆ ‘ನೋ ಸರ್’. ಎಷ್ಟು ದಿನದಿಂದ ಹೀಗೆ ಅಂದೆ, ಟೋಪಿ ತೆಗೆದು ಒಳಗೆ ನೋಡ್ತಾ ‘ಹೈಸ್ಕೂಲ್‌ನಿಂದ ಸರ್’ ಅಂದ. ಇಲ್ಲಿ ಕೌಬಾಯ್ ಹುಡುಗ್ರು ಎಷ್ಟು ಮರ್ಯಾದೆಯಿಂದ ಸುಳ್ಳು ಹೇಳ್ತಾರೆ ಅಂದ್ರೆ ಬೈಯೋಕೂ ಮನಸ್ಸು ಬರಲ್ಲ.

ನೋವಿದೆ ಅಂತ ಹೇಳಿದ್ರೆ ಅವ್ರಿಗೇ ಲಾಸು. ಕಾಲೇಜ್ ರೋಡಿಯೋ ಇಲ್ಲಿನ ಕಾಲೇಜ್ ಆಟಗಳನ್ನ ನಡೆಸೋ ದೊಡ್ಡ ಸಂಸ್ಥೆ ಎನ್‌ಸಿಎಎ ಕೆಳಗೆ ಬರಲ್ಲ, 1949ರಿಂದ ಅದಕ್ಕೇ ಬೇರೆ ಸಂಸ್ಥೆ ಇದೆ, ಎನ್‌ಐಆರ್‌ಎ ಅಂತ. ಎಷ್ಟೋ ಕಾಲೇಜಲ್ಲಿ ಟೀಮು ಸ್ಪೋರ್ಟ್ಸ್ ಡಿಪಾರ್ಟ್‌ಮೆಂಟ್‌ಗೆ ಸೇರಿರೋದೇ ಇಲ್ಲ, ಹಾಗಾಗಿ ಫುಟ್‌ಬಾಲ್ ಹುಡುಗನಿಗೆ ದಿನಾ ಸಿಗೋ, ಪೆಟ್ಟು ನೋವು ನೋಡ್ಕೊಳ್ಳೋ ಟ್ರೇನರ್ ಇವನಿಗೆ ಸಿಗಲ್ಲ. ಎಂಟ್ರಿ ಫೀ ಕಟ್ಟಿರ್ತಾನೆ, ಸವಾರಿ ಮಾಡ್ದಿದ್ರೆ ಪಾಯಿಂಟ್ ಇಲ್ಲ, ಪಾಯಿಂಟ್ ಇಲ್ದಿದ್ರೆ ಜೂನ್‌ನಲ್ಲಿ ಕ್ಯಾಸ್ಪರ್‌ನಲ್ಲಿ ನಡೆಯೋ ಫೈನಲ್ಸ್ ಇಲ್ಲ. ಇದರ ಜೊತೆ ವಾರಾಂತ್ಯಕ್ಕೆ ಗಂಟೆಗಟ್ಟಲೆ ಪಿಕಪ್ ಓಡಿಸ್ಕೊಂಡು ಹೋಗಿ, ಇಳಿದು, ಸೊಂಟ ಹಿಡ್ಕೊಂಡಿರೋವಾಗ್ಲೇ ಬುಲ್ ಹತ್ತೋದು, ತೊಡೆಸಂದಿ ಸ್ನಾಯು ಹರೀದೆ ಇನ್ನೇನಾಗುತ್ತೆ. ಬುಲ್ ರೈಡರ್‌ಗಳಿಗೆ ಅದಕ್ಕೇ ಕೋಪನ್‌ಹೇಗನ್ ಪ್ಲ್ಯಾಂಕ್ ಕೊಡ್ತೀನಿ, ಮೇಲಿನ ಕಾಲು ಬೆಂಚ್ ಮೇಲಿಟ್ಟು ಪಕ್ಕಕ್ಕೆ ಮೈ ಎತ್ತೋದು, ಮೊದಲ ದಿನ ಹತ್ತು ಸೆಕೆಂಡೂ ನಿಲ್ಲಲ್ಲ, ಆಗ ಬರೋ ಬೈಗುಳ ಇಲ್ಲಿ ಬರೆಯೋ ಹಂಗಿಲ್ಲ.

ಹುಡುಗಿಯರ ಗೋಟ್ ಟೈಯಿಂಗ್ ಇನ್ನೂ ಬೇರೆ. ಓಡ್ತಿರೋ ಕುದುರೆಯಿಂದ ಧುಮುಕಿ, ಅದೇ ಸ್ಪೀಡಲ್ಲಿ ಓಡಿ ಹೋಗಿ ಗೂಟಕ್ಕೆ ಕಟ್ಟಿದ ಮೇಕೆ ಕೆಡವಿ ಮೂರು ಕಾಲು ಕಟ್ಟಬೇಕು. ಮಂಡಿಯೊಳಗಿನ ಎಸಿಎಲ್ ಅನ್ನೋ ಕಟ್ಟು (ಲಿಗಮೆಂಟ್) ಹರಿದು ಹೋಗೋಕೆ ಇದಕ್ಕಿಂತ ಒಳ್ಳೆ ದಾರಿ ಬೇಕಾ? ಒಬ್ಬಳನ್ನ ಮೊಣಕಾಲುದ್ದದ ಡಬ್ಬದ ಮೇಲಿಂದ ಒಂಟಿ ಕಾಲಲ್ಲಿ ಹಾರಿಸಿ ಮೊಬೈಲಲ್ಲಿ ಸ್ಲೋ ಮೋಷನ್ ತೆಗೆದೆ, ಪಾದ ನೆಲಕ್ಕೆ ತಾಗ್ತಿದ್ದಂಗೆ ಮಂಡಿ ಒಳಗೆ ವಾಲಿ ಇನ್ನೊಂದು ಮಂಡಿಗೆ ತಾಗೋ ಹಂಗಾಯ್ತು. ಅವಳೇ ವಿಡಿಯೋ ನೋಡಿ ಥೂ ಅಂದ್ಲು. ನಾನು ಸ್ಕೋರ್ ಹೇಳಿದ್ರೆ ತಲೆ ಆಡಿಸಿ ಹೋಗಿರೋಳು. ಈಗ ಆರು ವಾರದಿಂದ ಸೊಂಟದ ಪಕ್ಕದ ಸ್ನಾಯುಗೆ ಬ್ಯಾಂಡ್ ಹಾಕಿ, ಸದ್ದಾಗದಂಗೆ ಇಳಿಯೋದು ಕಲೀತಿದಾಳೆ, ಮೊದಲು ಡಬ್ಬದಿಂದ, ಆಮೇಲೆ ನಿಂತ ಕುದುರೆಯಿಂದ, ಈಗ ನಡೀತಿರೋ ಕುದುರೆಯಿಂದ.

ಮೊಣಕೈ ಹುಡುಗ ಮೊನ್ನೆ ಗುರುವಾರ ಅವನಾಗೇ ಬಂದ. ಎಕ್ಸ್‌ರೇ ಮಾಡ್ಸೋಕೆ ಎಷ್ಟಾಗುತ್ತೆ ಸರ್ ಅಂತ ಕೇಳಿ, ಉತ್ತರಕ್ಕೆ ಮುಂಚೆನೇ ಬಲಗೈ ಟೇಬಲ್ ಮೇಲಿಟ್ಟ.