ಮೊಣಕೈ ಕಾಕಾಂದು

ಜುಲೈ 6, 2025, ರವಿವಾರ
ಬೆಳಗಾವಿ

ಫಾರಂ ತುಂಬಿ ಕಳಿಸಿಬಿಟ್ಟೆ. ಇನ್ನು ಹಿಂದೆ ಸರಿಯುವ ಹಾಗಿಲ್ಲ. ಆಗಸ್ಟ್ 2ಕ್ಕೆ ಬೆಂಗಳೂರಿನಲ್ಲಿ ಅನಿಮೆ ಸಮಾವೇಶ, ಅಂದರೆ ಜಪಾನಿನ ಕಾರ್ಟೂನ್ ಕಥೆಗಳನ್ನು ಮೆಚ್ಚುವವರ ಜಾತ್ರೆ. ಅಲ್ಲಿ ಕಾಸ್‌ಪ್ಲೇ, ಅಂದರೆ ಕಥೆಯ ಪಾತ್ರದ ವೇಷ ಹಾಕುವ ಸ್ಪರ್ಧೆಯಲ್ಲಿ ಎರಡು ವಿಭಾಗ. ಒಂದರಲ್ಲಿ ವೇದಿಕೆ ಮೇಲೆ ಅಭಿನಯ ಮಾಡಬೇಕು. ಇನ್ನೊಂದರಲ್ಲಿ ಕೈಕೆಲಸ ನೋಡುತ್ತಾರೆ. ಹೊಲಿಗೆ, ಅಂಟು, ಬಣ್ಣ, ಒಳಗಿನ ಅಸ್ತರ್ ಕೂಡ. ನಾನು ಎರಡನೆಯದಕ್ಕೆ ಹೆಸರು ಕೊಟ್ಟೆ. ಅಭಿನಯ ನನ್ನಿಂದ ಆಗದ ಮಾತು. ನಾಲ್ಕನೇ ಇಯತ್ತೆಯ ಗ್ಯಾದರಿಂಗ್‌ನಲ್ಲಿ ಗಿಡ ಆಗಿ ನಿಂತಿದ್ದೆ. ಅದರಲ್ಲೂ ನಕ್ಕುಬಿಟ್ಟಿದ್ದೆ.

ಪಾತ್ರ ಎಡ್ವರ್ಡ್ ಎಲ್ರಿಕ್. ಫುಲ್‌ಮೆಟಲ್ ಆಲ್ಕೆಮಿಸ್ಟ್‌ನ ಹುಡುಗ. ಹಿರೊಮು ಅರಕಾವಾ ಬರೆದ ಈ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, 2001ರಿಂದ 2010ರವರೆಗೆ ಬರುತ್ತಿತ್ತು. ನಾನು ಅದರ ಅನಿಮೆ ನೋಡಿದ್ದು ಮಾತ್ರ ಲಾಕ್‌ಡೌನ್‌ನಲ್ಲಿ, ಫೋನಿನಲ್ಲಿ, ಚಾದರದ ಒಳಗೆ. ಅವನ ಬಲಗೈ ಮತ್ತು ಎಡಗಾಲು ಉಕ್ಕಿನವು. ಕೆಂಪು ಕೋಟು, ಹಳದಿ ಜಡೆ. ಯಾರಾದರೂ ಕುಳ್ಳ ಅಂದರೆ ಮೈಮೇಲೆ ಬರುತ್ತಾನೆ. ನನ್ನ ಎತ್ತರ ಐದಡಿಗೆ ಒಂದಿಂಚು ಕಮ್ಮಿ. ಇನ್ನು ಬೇರೆ ಯಾರನ್ನು ಆರಿಸಲಿ?

ಆಯಿಗೆ, ಅಂದರೆ ಅಜ್ಜಿಗೆ, ಹೇಳಿದೆ. ಆಯಿ ಗೋಕಾಕದ ಕಡೆಯವಳು. ಸಣ್ಣವಳಿದ್ದಾಗ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತದ ಆಟ ನೋಡಿದವಳು.

"ಹಂಗಾರ ಸೋಗು ಹಾಕ್ತಿ ಅನ್ನು."

"ಹೌದು ಆಯಿ. ಕಾಸ್ಟ್ಯೂಮ್ ಅನ್ನೋದೊಂದು, ಪ್ಲೇ ಅನ್ನೋದೊಂದು. ಎರಡೂ ಕೂಡಿಸಿ ಜಪಾನಿನವರು ಹೆಸರಿಟ್ಟಾರ."

"ಪಾರಿಜಾತದಾಗ ಸೋಗು ಹಾಕಿದವರು ಬೆಳತನಕ ಹಾಡ್ತಿದ್ರು. ನೀ ಏನು ಹಾಡ್ತಿ?"

"ನಾ ಸುಮ್ನ ನಿಲ್ತೀನಿ."

"ನಿಲ್ಲೂದಕ್ಕ ಬಹುಮಾನ ಕೊಡ್ತಾರನ?"

ಉತ್ತರ ಹೊಳೆಯಲಿಲ್ಲ.

ಮಧ್ಯಾಹ್ನ ಕೈಯ ಅಳತೆ ತೆಗೆದೆವು. ಭುಜದಿಂದ ಮುಂಗೈವರೆಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಅದರ ಮೇಲೆ ಪಾರ್ಸೆಲ್‌ಗೆ ಹಚ್ಚುವ ಟೇಪು. ಆಮೇಲೆ ಮಾರ್ಕರ್‌ನಿಂದ ಅದರ ಮೇಲೇ ಉಕ್ಕಿನ ತಗಡುಗಳ ಗೆರೆ ಬರೆದು, ಕತ್ತರಿಸಿ ಬಿಚ್ಚಿದರೆ ನನ್ನದೇ ಕೈಯ ಸಿಪ್ಪೆ ಸಿಗುತ್ತದೆ. ಅದನ್ನು ಚಪ್ಪಟೆ ಮಾಡಿ ಹಾಳೆಗೆ ಇಳಿಸಿಕೊಂಡರೆ ಅದೇ ಕಟಿಂಗ್. ಸುತ್ತಿದ್ದು ಅವ್ವ. ಸಿಟ್ಟಿನಲ್ಲಿದ್ದಳು ಅಂತ ಕಾಣುತ್ತದೆ, ಬೆರಳು ಜೋಮು ಹಿಡಿಯುವಷ್ಟು ಬಿಗಿಯಾಗಿ ಸುತ್ತಿದಳು.

ಫಾರಂನ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಇದರಲ್ಲಿ ನೀವೇ ಮಾಡಿದ್ದೆಷ್ಟು, ಕೊಂಡದ್ದು ಯಾವುದು, ಬೇರೆಯವರು ಮಾಡಿದ್ದು ಯಾವುದು? ವಿಗ್ಗು ಮತ್ತು ಬೂಟು ಕೊಂಡದ್ದು, ಉಳಿದದ್ದೆಲ್ಲ ನಾನೇ ಅಂತ ಬರೆದೆ. ಬರೆಯುವಾಗ ಎದೆ ಸ್ವಲ್ಪ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಜುಲೈ 13, ರವಿವಾರ

ಇವತ್ತಿನದು ಉದ್ದ ಬರೆಯಬೇಕು.

ಒಂದು ವಾರ ಆಫೀಸಿನಿಂದ ಬಂದ ಮೇಲೆ ರಾತ್ರಿ ಹನ್ನೆರಡರವರೆಗೆ ಫೋಮ್ ಕೊಯ್ದೆ. ಮಕ್ಕಳ ಕೋಣೆಯಲ್ಲಿ ಹಾಸುತ್ತಾರಲ್ಲ, ಒಂದಕ್ಕೊಂದು ಹಲ್ಲು ಕೂಡಿಸುವ ಚಾಪೆ, ಅದೇ ಇವಿಎ ಫೋಮ್. ದಪ್ಪದ್ದು ಭುಜಕ್ಕೆ, ತೆಳ್ಳಗಿನದು ಬೆರಳಿಗೆ. ಎರಡೂ ಅಂಚಿಗೆ ಚಪ್ಪಲಿ ಅಂಟಿಸುವ ಸೊಲ್ಯೂಷನ್ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾಯಬೇಕು. ಆಮೇಲೆ ಕೂಡಿಸಬೇಕು. ಒಮ್ಮೆ ಕೂಡಿತು ಅಂದರೆ ಮುಗೀತು, ಸರಿಸಲು ಬರಲ್ಲ. ನನ್ನ ಅರ್ಧ ತಪ್ಪುಗಳು ಆ ಕಾಯುವ ಹತ್ತು ನಿಮಿಷದಲ್ಲಿ ಆದವು. ಕಾಯಲಾರದೆ ಕೂಡಿಸಿಬಿಡುತ್ತಿದ್ದೆ.

ಕೈ ಒಂದು ಆಕಾರಕ್ಕೆ ಬಂತು. ಚೀಲದಲ್ಲಿ ಹಾಕಿಕೊಂಡು ಮೂರನೇ ಗೇಟ್ ದಾಟಿ ಉದ್ಯಮಬಾಗಕ್ಕೆ ಹೋದೆ. ಅಲ್ಲಿ ಕಾಕಾನ ಪ್ಯಾಟರ್ನ್ ಶಾಪ್ ಇದೆ. ಬೆಳಗಾವಿಯಲ್ಲಿ ಫೌಂಡ್ರಿ ಎಷ್ಟಿವೆ ಅಂತ ಊರಿನವರಿಗೆ ಗೊತ್ತು. ಆದರೆ ಬೀಡು, ಅಂದರೆ ಎರಕದ ಕಬ್ಬಿಣ, ಹೊಯ್ಯುವ ಮುಂಚೆ ಅದೇ ಆಕಾರವನ್ನು ಕಟ್ಟಿಗೆಯಲ್ಲಿ ಯಾರೋ ಕೆತ್ತಿಕೊಡಬೇಕು. ಆ ಕಟ್ಟಿಗೆಯನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು ಉಳಿಯುತ್ತದೆ. ಕಾಕಾ ಮೂವತ್ತು ವರ್ಷದಿಂದ ಮಾಡುವುದು ಆ ಕಟ್ಟಿಗೆಯ ಕೆಲಸ. ಪಂಪಿನ ಹೊಟ್ಟೆ, ಪುಲ್ಲಿ, ವಾಲ್ವಿನ ಮೈ. ಅವನು ಮಾಡಿದ್ದು ಕೊನೆಗೆ ಯಾರಿಗೂ ಕಾಣಲ್ಲ.

ರಜೆ ದಿನ, ಮಷೀನು ಬಂದ್. ಕಾಕಾ ಚಹಾ ಕುಡಿಯುತ್ತ ಕುಂತಿದ್ದ. ನನ್ನ ಕೈಯನ್ನು, ಅಂದರೆ ಫೋಮಿನ ಕೈಯನ್ನು, ತಿರುಗಿಸಿ ತಿರುಗಿಸಿ ನೋಡಿದ. ಚಂದ ಅನ್ನಲಿಲ್ಲ. ಹೆಬ್ಬೆರಳ ಉಗುರನ್ನು ಜೋಡಣೆಯ ಮೇಲೆ ಮೆಲ್ಲಗೆ ಎಳೆದ.

"ಇದೇನಿದು?"

"ಜಾಯಿಂಟ್ ಕಾಕಾ."

"ಜಾಯಿಂಟ್ ಅಲ್ಲ ಇದು, ಬಾಗಲಾ. ಎಮ್ಮಿ ಹೋಗ್ತೈತಿ ಇದರಾಗ."

ಬ್ಲೇಡ್ ತೋರಿಸು ಅಂದ. ತೋರಿಸಿದೆ. ವಾರದಿಂದ ಅದೇ ಬ್ಲೇಡು. ಅವನು ಮಾತಾಡಲಿಲ್ಲ, ಎದ್ದು ಹೋಗಿ ಮಸೆಯುವ ಕಲ್ಲು ತಂದ. ಫೋಮು ಮೆತ್ತಗಿದ್ದರೂ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಮೊಂಡು ಬ್ಲೇಡು ಕೊಯ್ಯುವುದಿಲ್ಲ, ಹರಿಯುತ್ತದೆ. ಹರಿದ ಅಂಚು ಎಷ್ಟು ಒತ್ತಿದರೂ ಕೂಡಲ್ಲ. ಇಷ್ಟೇ ವಿಷಯ. ನಾನು ಎಷ್ಟೊಂದು ವಿಡಿಯೊ ನೋಡಿದ್ದೆ. ಬ್ಲೇಡ್ ಬದಲಿಸಿ ಅಂತ ಎಲ್ಲದರಲ್ಲೂ ಹೇಳಿದ್ದರು. ಕೇಳಿರಲಿಲ್ಲ, ಅಷ್ಟೇ.

ಇನ್ನೊಂದು ಸಮಸ್ಯೆ ಹೇಳಿದೆ. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದ ಮೇಲೆ ತುಂಡುಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಬಿಸಿ ಮಾಡದಿದ್ದರೆ ಫೋಮಿನ ರಂಧ್ರ ಮುಚ್ಚಲ್ಲ, ಬಣ್ಣವನ್ನೆಲ್ಲ ಕುಡಿದುಬಿಡುತ್ತದೆ. ಕಾಕಾ ನಕ್ಕ. ತನ್ನ ಉಕ್ಕಿನ ಸ್ಕೇಲು ಕೊಟ್ಟು, ನನ್ನ ಸ್ಕೇಲಿನ ಪಕ್ಕ ಇಡು ಅಂದ. ಇಟ್ಟೆ. ಅವನ ನೂರು ಮಿಲಿಮೀಟರು ನನ್ನದಕ್ಕಿಂತ ಒಂದು ಮಿಲಿಮೀಟರು ಉದ್ದ! ಸಣ್ಣವಳಿದ್ದಾಗ ಆ ಸ್ಕೇಲನ್ನು ಕದ್ದು ಶಾಲೆಗೆ ಒಯ್ದು, ಭೂಮಿತಿಯಲ್ಲಿ ಏಟು ತಿಂದಿದ್ದೆ. ಇವತ್ತು ಕಾರಣ ಗೊತ್ತಾಯಿತು. ಬೀಡು ಆರುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ಉಕ್ಕು ಇನ್ನೂ ಜಾಸ್ತಿ, ಎರಡರ ಹತ್ತಿರ. ಅದಕ್ಕೇ ಪ್ಯಾಟರ್ನನ್ನು ಮೊದಲೇ ಅಷ್ಟು ದೊಡ್ಡದು ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು ಸ್ಕೇಲನ್ನೇ ಹಿಗ್ಗಿಸಿ ಇಟ್ಟಿದ್ದಾರೆ. ಅಲ್ಲೇ ಹತ್ತು ಸೆಂಟಿಮೀಟರಿನ ಫೋಮ್ ಪಟ್ಟಿ ಬಿಸಿ ಮಾಡಿ ಅಳೆದೆವು. ಎರಡು ಮಿಲಿಮೀಟರು ಹೋಗಿತ್ತು. "ನಿಂದು ಉಕ್ಕು" ಅಂದ ಕಾಕಾ.

ಕಡೆಗೆ ಮೊಣಕೈ. ಅಲ್ಲೊಂದು ದುಂಡನೆಯ ಚಕ್ರ ಬೇಕು. ಚಾಕುವಿನಲ್ಲಿ ಎಷ್ಟು ಸಲ ಕೊಯ್ದರೂ ನನ್ನದು ದುಂಡಗೆ ಬರಲಿಲ್ಲ, ಹದಿನಾರು ಮೂಲೆಯ ಬಿಸ್ಕೀಟು. ಕಾಕಾ ಒಂದು ಸಾಗವಾನಿ ತುಂಡನ್ನು ಲೇಥಿಗೆ, ಅಂದರೆ ಕಟ್ಟಿಗೆ ತಿರುಗಿಸಿ ಕಡೆಯುವ ಮಷೀನಿಗೆ, ಏರಿಸಿದ. ಹತ್ತು ನಿಮಿಷ. ಸುತ್ತ ಮೂರು ಕಾಲುವೆ, ನಡುವೆ ಸಣ್ಣ ಗುಂಡಿ, ಮೂಲೆ ಇದ್ದಲ್ಲೆಲ್ಲ ಮೆತ್ತನೆಯ ತಿರುವು. ಕೈಗಿಟ್ಟ. ಇನ್ನೂ ಬೆಚ್ಚಗಿತ್ತು. ಹೊರಡುವಾಗ ಒಂದು ಡಬ್ಬಿಯಲ್ಲಿ ಗ್ರಾಫೈಟ್ ಪುಡಿಯನ್ನೂ ಹಾಕಿಕೊಟ್ಟ. ಅಚ್ಚಿಗೆ ಬಳಿಯುವುದು. ಕಪ್ಪು ಬಣ್ಣದ ಮೇಲೆ ಅರಿವೆಯಿಂದ ಉಜ್ಜಿದರೆ ಥೇಟು ಕಬ್ಬಿಣ.

ಬಸ್ಸಿನಲ್ಲಿ ಕುಂತಾಗ ಫಾರಂ ನೆನಪಾಯಿತು. ಉಳಿದದ್ದೆಲ್ಲ ನಾನೇ.

ಜುಲೈ 19, ಶನಿವಾರ

ಮಳೆ. ನಿಂತಿಲ್ಲ, ನಿಲ್ಲುವ ಲಕ್ಷಣವೂ ಇಲ್ಲ. ಬೆಳಗಾವಿಯ ಜುಲೈನಲ್ಲಿ ಒಗೆದ ಅರಿವೆ ಒಣಗಲ್ಲ, ಬಣ್ಣ ಒಣಗುತ್ತದೆಯೇ? ನೀರು ಕೂಡಿಸಿದ ಫೆವಿಕಾಲ್ ನಾಲ್ಕು ಪದರ, ಕಪ್ಪು ಬಣ್ಣ, ಗ್ರಾಫೈಟ್, ಎಲ್ಲ ಚೆನ್ನಾಗಿ ಬಂದಿತ್ತು. ಮೇಲೆ ಲ್ಯಾಕರ್ ಹೊಡೆದೆ. ಹತ್ತು ನಿಮಿಷದಲ್ಲಿ ಕೈಗೆ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಲ್ಯಾಕರಿನೊಳಗಿನ ಥಿನ್ನರು ಆರುವಾಗ ಮೈ ತಣ್ಣಗಾಗುತ್ತದೆ, ಹಸಿ ಗಾಳಿಯ ನೀರು ಅಲ್ಲೇ ಕುಂತುಬಿಡುತ್ತದೆ. ಅತ್ತುಬಿಟ್ಟೆ. ಅವ್ವ ನೋಡಿ ಸುಮ್ಮನೆ ಹೋದಳು.

ನಮ್ಮ ಗಲ್ಲಿಯ ತುದಿಯಲ್ಲಿ ಗಣಪತಿ ಮಾಡುತ್ತಾರೆ. ಚವತಿಗೆ ಇನ್ನು ಐದೂವರೆ ವಾರ. ಅವರಿಗೂ ಇದೇ ಮಳೆ ಅಲ್ವಾ? ಹೋಗಿ ಕೇಳಿದೆ. ಸುತ್ತ ಪ್ಲಾಸ್ಟಿಕ್ ಕಟ್ಟಿ, ಒಳಗೆ ಹ್ಯಾಲೋಜನ್ ದೀಪ ಹಚ್ಚಿ, ಫ್ಯಾನ್ ಬಿಟ್ಟಿದ್ದರು. ಒಳಗೆ ಹೋದರೆ ಏಪ್ರಿಲ್ ತಿಂಗಳು. ಬೆಳ್ಳಗಾದದ್ದನ್ನು ತಿಕ್ಕಿ ತೆಗೆದು, ಕಪ್ಪಿನಿಂದ ಮತ್ತೆ ಶುರು ಮಾಡಿದೆ. ಮೂರು ಸಂಜೆ ನನ್ನ ಕೈ ಸಾಲಾಗಿ ಕುಂತ ಗಣಪತಿಗಳ ನಡುವೆ ಒಣಗಲಿದೆ. ನೋಡಿದವರು ಯಾವ ದೇವರದಿದು ಅಂತ ಕೇಳುತ್ತಿದ್ದಾರಂತೆ.

ಜುಲೈ 27, ರವಿವಾರ

ಕೋಟು ಮುಗೀತು. ಕಾಲರ್ ಮೂರು ಸಲ ಬಿಚ್ಚಿದೆ. ಪಕ್ಕದ ಟೇಲರ್ ಅಣ್ಣ, ಕೊಡವ್ವಾ ಎರಡು ನಿಮಿಷದ ಕೆಲಸ ಅಂದ. ಕೊಡಲಿಲ್ಲ. ಬೆನ್ನಿನ ಮೇಲಿನ ಕಪ್ಪು ಗುರುತು, ಶಿಲುಬೆಗೆ ಸುತ್ತಿದ ಹಾವು, ಅದನ್ನು ಬೇರೆ ಅರಿವೆಯಲ್ಲಿ ಕೊಯ್ದು ಕೈಯಿಂದಲೇ ಹೊಲಿದೆ. ಎಡಗಾಲನ್ನು ಬಿಟ್ಟೆ. ಪ್ಯಾಂಟಿನ ಒಳಗೆ ಯಾರಿಗೆ ಕಾಣುತ್ತದೆ?

ಆಗಸ್ಟ್ 1, ಶುಕ್ರವಾರ, ರಾತ್ರಿ
ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್

ಕೈಯನ್ನು ಆಯಿಯ ಕೌದಿಯಲ್ಲಿ ಸುತ್ತಿಕೊಂಡು ಮೇಲಿನ ಬರ್ತಿನಲ್ಲಿ ಮಲಗಿದ್ದೇನೆ. ಟಿಸಿ ಬಂದಾಗ ಕೌದಿಯಿಂದ ಕಬ್ಬಿಣದ ಬೆರಳು ಹೊರಗೆ ಬಂದಿತ್ತು. ಅವರು ಬೆರಳನ್ನು ನೋಡಿದರು, ನನ್ನನ್ನು ನೋಡಿದರು, ಟಿಕೆಟ್ ನೋಡದೆ ಹೋದರು.

ನಿದ್ದೆ ಬರುತ್ತಿಲ್ಲ. ಚಕ್ರದ ಬಗ್ಗೆ ಹೇಳದಿದ್ದರೆ ಯಾರಿಗೂ ಗೊತ್ತಾಗಲ್ಲ. ಗ್ರಾಫೈಟ್ ಉಜ್ಜಿದ ಮೇಲೆ ಅದು ಕಟ್ಟಿಗೆ ಅಂತಲೂ ತಿಳಿಯಲ್ಲ. ತಮಾಷೆ ಅಂದರೆ, ಕಥೆಯಲ್ಲಿ ಎಡ್ವರ್ಡ್ ಕೂಡ ತನ್ನ ಕೈ ತಾನು ಮಾಡಿಕೊಂಡವನಲ್ಲ. ಮಾಡಿಕೊಡುವವಳು ಅವನ ಬಾಲ್ಯದ ಗೆಳತಿ ವಿನ್ರಿ. ಇವನು ಮುರಿದುಕೊಂಡು ಬರುತ್ತಾನೆ, ಅವಳು ಪಾನಾ ತೆಗೆದುಕೊಂಡು ಹೊಡೆಯುತ್ತಾಳೆ, ಮತ್ತೆ ರಿಪೇರಿ ಮಾಡುತ್ತಾಳೆ. ಇಷ್ಟು ದಿನ ಇದು ನನ್ನ ತಲೆಗೆ ಬಂದಿರಲೇ ಇಲ್ಲ.

ಆಗಸ್ಟ್ 2, ಶನಿವಾರ
ಬೆಂಗಳೂರು

ರಿಜಿಸ್ಟ್ರೇಷನ್ ಟೇಬಲ್ಲಿನಲ್ಲಿ ಪೆನ್ನು ಇಸಿದುಕೊಂಡು ಫಾರಂನಲ್ಲಿ ಒಂದು ಸಾಲು ಸೇರಿಸಿದೆ: ಮೊಣಕೈ ಚಕ್ರ, ಕಟ್ಟಿಗೆ, ಲೇಥ್ ಕೆಲಸ, ನನ್ನ ಕಾಕಾ. ಅಲ್ಲಿದ್ದ ಹುಡುಗ ಓದಿ, "ಕಾಕಾ ಅಂದ್ರೆ ಬ್ರ್ಯಾಂಡಾ?" ಅಂದ. ಚಿಕ್ಕಪ್ಪ ಅಂತ ಮತ್ತೆ ಬರೆದೆ.

ಕೈಕೆಲಸದ ಪರೀಕ್ಷೆ ವೇದಿಕೆ ಮೇಲೆ ಅಲ್ಲ, ಹಿಂದಿನ ಕೋಣೆಯಲ್ಲಿ. ಒಬ್ಬೊಬ್ಬರಿಗೆ ಐದು ನಿಮಿಷ. ಸಾಲಿನಲ್ಲಿ ನನ್ನ ಮುಂದಿದ್ದವನಿಗೆ ಎಂಟಡಿಯ ರೆಕ್ಕೆ. ಬಾಗಿಲಲ್ಲಿ ಹಿಡಿಸಲಿಲ್ಲ. ಅಡ್ಡಡ್ಡ ನಡೆದು, ನಾವು ನಾಲ್ಕು ಜನ ನೂಕಿ, ಒಳಗೆ ಹೋದ. ನನ್ನ ಹಿಂದೆ ಒಬ್ಬ ಹುಡುಗಿ, ಉದ್ದ ಗೌನು, ತುಂಬ ಕಸೂತಿ. ಅವಳು ನಡುಗುತ್ತಿದ್ದಳು. ನನ್ನ ಹತ್ತಿರ ಇದ್ದ ಕರದಂಟು ಕೊಟ್ಟೆ. ಅರ್ಧ ನಾನೂ ತಿಂದೆ.

ತೀರ್ಪುಗಾರರು ಮೂರು ಜನ. ಒಬ್ಬರು ಮಾತಾಡದೆ ನನ್ನ ಕೋಟನ್ನು ಒಳಹೊರಗೆ ಮಾಡಿ ನೋಡಿದರು. ಇನ್ನೊಬ್ಬರು ಕೈಯ ಜೋಡಣೆಯ ಮೇಲೆ ಹೆಬ್ಬೆರಳ ಉಗುರು ಎಳೆದರು. ಥೇಟು ಕಾಕಾ! ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮೂರು ಸೆಕೆಂಡು ಉಸಿರು ಹಿಡಿದಿದ್ದೆ.

"ಈ ಚಕ್ರ ನಿಮ್ಮದಲ್ಲ ಅಂತ ಬರೆದಿದೀರಿ."

"ಹೌದು ಸರ್. ನಮ್ಮ ಕಾಕಾ ಫೌಂಡ್ರಿಗೆ ಪ್ಯಾಟರ್ನ್ ಮಾಡ್ತಾರೆ."

ಅಲ್ಲಿಂದ ನನ್ನ ಬಾಯಿ ನಿಲ್ಲಲಿಲ್ಲ. ಹಿಗ್ಗಿಸಿದ ಸ್ಕೇಲು, ಕುಗ್ಗುವ ಬೀಡು, ಫೋಮ್ ಪಟ್ಟಿಯ ಎರಡು ಮಿಲಿಮೀಟರು, ಗಣಪತಿಗಳ ನಡುವೆ ಒಣಗಿದ್ದು. ಮೂವರೂ ಕೇಳಿದರು. ಮಾತಾಡದವರು ಸ್ಕೇಲಿನ ಬಗ್ಗೆ ಮತ್ತೊಮ್ಮೆ ಕೇಳಿ ಬರೆದುಕೊಂಡರು. ಗಡಿಯಾರ ನೋಡಿದರೆ ಮೂರೂವರೆ ನಿಮಿಷ ಹೋಗಿತ್ತು. ಕಾಲರಿನ ಬಗ್ಗೆ ಹೇಳಲು ಆಗಲೇ ಇಲ್ಲ. ಮೂರು ಸಲ ಬಿಚ್ಚಿದ ಕಾಲರು!

ಆಮೇಲೆ ಅವರು ಕೇಳಿದರು. "ಎಡಗಾಲು?"

"ಪ್ಯಾಂಟಿನ ಒಳಗೆ ಕಾಣಲ್ಲ ಅಂತ..."

"ಮಾಡಿಲ್ಲ."

"ಮಾಡಿಲ್ಲ ಸರ್."

ಅಷ್ಟೇ. ಬಯ್ಯಲಿಲ್ಲ. ತಲೆಯಾಡಿಸಿ ಪೆನ್ನು ಓಡಿಸಿದರು. ಬಯ್ದಿದ್ದರೆ ಚೆನ್ನಾಗಿತ್ತು.

ನನಗೆ ಬಹುಮಾನ ಬರಲಿಲ್ಲ. ಮೊದಲನೆಯದು ಕರದಂಟಿನ ಹುಡುಗಿಗೆ ಹೋಯಿತು. ಸರಿಯಾಗಿಯೇ ಹೋಯಿತು. ಆಮೇಲೆ ಅವಳು ಗೌನಿನ ಅಂಚು ಮಡಚಿ ಒಳಗಿನ ಮೈ ತೋರಿಸಿದಳು. ಒಂದು ಗಂಟಿಲ್ಲ, ಒಂದು ಜೋತಾಡುವ ದಾರ ಇಲ್ಲ. ಯಾವುದು ಒಳಗೆ, ಯಾವುದು ಹೊರಗೆ ಅಂತ ಒಂದು ಕ್ಷಣ ತಿಳಿಯಲಿಲ್ಲ. ರೆಕ್ಕೆಯವನಿಗೂ ಏನೂ ಬರಲಿಲ್ಲ. ವಾಪಸ್ ಹೋಗುವಾಗ ಮತ್ತೆ ಅದೇ ಬಾಗಿಲಲ್ಲಿ ಸಿಕ್ಕಿಕೊಂಡ, ಮತ್ತೆ ನೂಕಿದೆವು.

ಆಗಸ್ಟ್ 4, ಸೋಮವಾರ
ಬೆಳಗಾವಿ

ಆಫೀಸ್ ಬಿಟ್ಟವಳು ಸೀದಾ ಉದ್ಯಮಬಾಗಕ್ಕೆ ಹೋದೆ. ಕಾಕಾ ಯಾವುದೋ ಪಂಪಿನ ಪ್ಯಾಟರ್ನಿಗೆ ಕೆಂಪು ಬಣ್ಣ ಬಳಿಯುತ್ತಿದ್ದ. ತಲೆ ಎತ್ತಲಿಲ್ಲ.

"ನನ್ನ ಹೆಸರು ಹೇಳಿದಿ ಅಲ್ಲಿ?"

"ಹೇಳಿದೆ ಕಾಕಾ."

"ಎಷ್ಟು ಮಾರ್ಕ್ಸ್ ಕಡದ್ರು?"

"ಅದಕ್ಕ ಎಷ್ಟಂತ ಹೇಳಲಿಲ್ಲ. ಕಾಲು ಮಾಡಿಲ್ಲ ಅಂತ ಕಡದಿರಬೇಕು."

ಈಗ ತಲೆ ಎತ್ತಿದ. "ಕಾಲು ಮಾಡಿದ್ದಿಲ್ಲನ?"

"ಪ್ಯಾಂಟಿನೊಳಗ ಇರ್ತೈತಿ, ಕಾಣೂದಿಲ್ಲ ಅಂತ ಬಿಟ್ಟಿದ್ದೆ."

ಕಾಕಾ ಸುತ್ತ ಗೋಡೆಗೆ ಸಾಲಾಗಿ ತೂಗುಹಾಕಿದ್ದ ತನ್ನ ಪ್ಯಾಟರ್ನುಗಳನ್ನು ಒಮ್ಮೆ ನೋಡಿದ. ನನ್ನನ್ನು ನೋಡಿದ. ಬಣ್ಣದ ಕುಂಚವನ್ನು ಥಿನ್ನರಿನಲ್ಲಿ ಅದ್ದಿ, ನಿಧಾನಕ್ಕೆ ಒರೆಸಿದ.

"ಮೊಣಕಾಲಿಗೆ ದೊಡ್ಡ ಚಕ್ರ ಬೇಕಾಗ್ತೈತಿ," ಅಂದ.

"ಬೇಕು. ಈ ಸಲ ಲೇಥ್ ನಾನ ಹಿಡೀತೀನಿ ಕಾಕಾ. ಕಲಸ್ರಿ."

ಅವನು ಮೂಲೆಯ ರಾಶಿಯಿಂದ ಒಂದು ಸಾಗವಾನಿ ತುಂಡು ಎತ್ತಿ, ಕಣ್ಣಳತೆ ನೋಡಿ, ಲೇಥಿನ ಪಕ್ಕ ಇಟ್ಟ.

"ಮೊದಲ ಆ ಓಢಣಿ ತಗದ ಮೊಳಿಗೆ ಹಾಕು."